ಪಳೆಯುಳಿಕೆಯೋ, ಬರೀ ಕಲ್ಲೋ? ಆಕಾರ ಕೊನೆಯ ಪ್ರಶ್ನೆಯಾಗಲಿ

ಬಿ.ಇಡಿ. ವಿಜ್ಞಾನ ವಿಭಾಗದ ಪ್ರಶಿಕ್ಷಣಾರ್ಥಿಗಳು ವರ್ಷವರ್ಷವೂ ತಪ್ಪದೆ ತಯಾರಿಸುವ ಬೋಧನೋಪಕರಣಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಪಳೆಯುಳಿಕೆಯೂ ಒಂದು. ಜೇಡಿಮಣ್ಣಿನ ಮೇಲೆ ಕಪ್ಪೆಚಿಪ್ಪನ್ನೋ ಜರಿಗಿಡದ ಎಲೆಯನ್ನೋ ಒತ್ತಿ ಅಚ್ಚು ಮಾಡಿ, ಅದರಲ್ಲಿ ಪ್ಲಾಸ್ಟರ್ ಸುರಿದು, ಒಣಗಿದ ಮೇಲೆ ಕಂದು ಬಣ್ಣ ಬಳಿದರೆ ಉಪಕರಣ ಸಿದ್ಧ. ಖರ್ಚು ಕಡಿಮೆ, ನೋಡಲು ಚೆಂದ, ವೀಕ್ಷಣಾ ನಮೂನೆಯಲ್ಲಿ ಬೋಧನೋಪಕರಣದ ಬಳಕೆಗೆಂದು ಇರುವ ಅಂಕವೂ ಸಿಗುತ್ತದೆ. ಜೀವಿಯ ಅಚ್ಚು ಕಲ್ಲಿನಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ತೋರಿಸಲು ಇದು ಒಳ್ಳೆಯ ಉಪಕರಣವೇ. ಆದರೆ ಪಾಠ ಅಲ್ಲಿಗೇ ನಿಂತರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಒಂದೇ ಮಾತು: ಕಲ್ಲಿನ ಮೇಲೆ ಜೀವಿಯ ಆಕಾರ ಕಂಡರೆ ಅದು ಪಳೆಯುಳಿಕೆ.

ಈ ತಿಳಿವಳಿಕೆಯೊಂದಿಗೆ ಹುಬ್ಬಳ್ಳಿ-ಧಾರವಾಡದ ಮಗು ಶಾಲೆಯ ಗೇಟು ದಾಟಿದರೆ ಅದಕ್ಕೆ ಎಲ್ಲೆಡೆ ಪಳೆಯುಳಿಕೆಗಳೇ ಕಾಣುತ್ತವೆ. ಎರೆ ಹೊಲದಲ್ಲಿ ಎಲುಬು, ಫರಸಿ ಕಲ್ಲಿನ ಮೇಲೆ ಜರಿಗಿಡ, ಹಳ್ಳದ ದಂಡೆಯಲ್ಲಿ ಮೊಟ್ಟೆ. ಅದನ್ನು ತಂದು ನಮ್ಮ ಮೇಜಿನ ಮೇಲಿಟ್ಟಾಗ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತೇವೆ. 'ಇರಬಹುದು, ಚೆಂದ ಐತಿ' ಎಂದು ಬೆನ್ನು ತಟ್ಟುತ್ತೇವೆ, ಇಲ್ಲವೇ 'ಅದು ಬರೀ ಕಲ್ಲು, ಹೊರಗ ಒಗಿ' ಎನ್ನುತ್ತೇವೆ. ಎರಡರಲ್ಲೂ ಮಗು ವಿಜ್ಞಾನ ಕಲಿಯುವುದಿಲ್ಲ. ಪಳೆಯುಳಿಕೆಯ ಪಾಠದಲ್ಲಿ ಆಕಾರದ ಮಾತು ಕೊನೆಗೆ ಬರಬೇಕು, ಕಲ್ಲು ಎಲ್ಲಿಯದು, ಯಾವ ಜಾತಿಯದು, ಎಷ್ಟು ಹಳೆಯದು ಎಂಬ ಮಾತು ಮೊದಲು ಬರಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಕಲಿಸಲು ನಮ್ಮ ಅವಳಿ ನಗರದಷ್ಟು ಅನುಕೂಲವಾದ ಊರು ಅಪರೂಪ.

ನಮ್ಮ ಕಾಲ ಕೆಳಗಿನ ಕಲ್ಲು

ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ ಎಂಬುದು ನಮ್ಮ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರು 1880ರ ದಶಕದಲ್ಲಿ ಇಲ್ಲಿನ ಕಲ್ಲುಗಳ ಗುಂಪಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇಂದಿಗೂ ಅವನ್ನು ಧಾರವಾಡ ಮಹಾಸಮೂಹ ಎಂದು ಕರೆಯುತ್ತಾರೆ. ಈ ಶಿಲೆಗಳ ವಯಸ್ಸು ಸುಮಾರು 250ರಿಂದ 290 ಕೋಟಿ ವರ್ಷ.

ಈ ಸಂಖ್ಯೆಯನ್ನು ಕರಿಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಇನ್ನು ಕೆಲವನ್ನು ಬರೆಯಬೇಕು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಗಟ್ಟಿ ಚಿಪ್ಪಿನ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ. ನೆಲದ ಮೇಲೆ ಸಸ್ಯಗಳು ಬಂದದ್ದು ಸುಮಾರು 47 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ, ಅವುಗಳ ಕಾಲ ಮುಗಿದದ್ದು 6.6 ಕೋಟಿ ವರ್ಷಗಳ ಹಿಂದೆ. ಇಷ್ಟು ಬರೆದು 'ಹಾಗಾದರೆ ಧಾರವಾಡದ ಬಂಡೆಯೊಳಗೆ ಡೈನೋಸಾರ್ ಎಲುಬು ಇರಲು ಸಾಧ್ಯವೇ?' ಎಂದು ಕೇಳಿದರೆ ಒಂಬತ್ತನೇ ತರಗತಿಯ ಮಗು ತಾನೇ ಲೆಕ್ಕ ಹಾಕಿ ಉತ್ತರ ಹೇಳುತ್ತದೆ. ಬಂಡೆ ಆಗಿ ಇನ್ನೂರು ಕೋಟಿಗೂ ಹೆಚ್ಚು ವರ್ಷ ಕಳೆದ ಮೇಲೆ ಹುಟ್ಟಿದ ಪ್ರಾಣಿ ಆ ಬಂಡೆಯೊಳಗೆ ಹೇಗೆ ಇರುತ್ತದೆ? ಯಾವ ಆಕಾರವನ್ನೂ ನೋಡದೆ, ಲೆನ್ಸ್ ಹಿಡಿಯದೆ, ಬರೀ ಕಳೆಯುವ ಲೆಕ್ಕದಿಂದ ಸಿಕ್ಕ ಉತ್ತರ ಇದು.

ವಯಸ್ಸಿನ ಜೊತೆಗೆ ಕಲ್ಲಿನ ಜಾತಿಯೂ ಮುಖ್ಯ. ಲಾವಾ ಅಥವಾ ಶಿಲಾಪಾಕ ಆರಿ ಆದ ಕಲ್ಲಿನಲ್ಲಿ ಜೀವಿಯ ದೇಹ ಉಳಿಯುವುದು ಬಹಳ ಅಪರೂಪ. ಒತ್ತಡ ಮತ್ತು ಶಾಖಕ್ಕೆ ಸಿಕ್ಕು ರೂಪಾಂತರಗೊಂಡ ಕಲ್ಲಿನಲ್ಲಿ ಇದ್ದದ್ದೂ ಅಳಿಸಿಹೋಗಿರುತ್ತದೆ. ಪಳೆಯುಳಿಕೆ ಹುಡುಕಬೇಕಾದದ್ದು ಕೆಸರು, ಮರಳು, ಸುಣ್ಣದ ಅಂಶ ಪದರಪದರವಾಗಿ ಕೂತು ಆದ ಜಲಜ ಶಿಲೆಗಳಲ್ಲಿ. ಈ ಮೂರು ಬಗೆಯ ಶಿಲೆಗಳನ್ನು ಮಕ್ಕಳು ಸಮಾಜ ವಿಜ್ಞಾನದಲ್ಲಿ ಓದುತ್ತಾರೆ, ಪಳೆಯುಳಿಕೆಯನ್ನು ವಿಜ್ಞಾನದಲ್ಲಿ ಓದುತ್ತಾರೆ. ಎರಡನ್ನೂ ಜೋಡಿಸುವ ಕೆಲಸ ನಮ್ಮ ಪಾಠಯೋಜನೆಗಳಲ್ಲಿ ಆಗುತ್ತಿಲ್ಲ.

ಹಾಗೆಂದು ಧಾರವಾಡ ಸಮೂಹದ ಕಲ್ಲುಗಳಲ್ಲಿ ಜೀವದ ಗುರುತೇ ಇಲ್ಲವೆಂದಲ್ಲ. ಚಿತ್ರದುರ್ಗ, ತುಮಕೂರು ಭಾಗದಲ್ಲಿ ಇದೇ ಮಹಾಸಮೂಹಕ್ಕೆ ಸೇರಿದ ಸುಣ್ಣಕಲ್ಲು, ಡಾಲೊಮೈಟ್‌ಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳು ಸಿಕ್ಕಿವೆ. ಅದಕ್ಕಿಂತ ಬಹಳ ಕಿರಿಯದಾದ ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲೂ ಇವೆ. ಆಳವಿಲ್ಲದ ನೀರಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಹಾಸಿನ ಮೇಲೆ ಕೆಸರು ಕೂತು, ಅದರ ಮೇಲೆ ಮತ್ತೆ ಹಾಸು ಬೆಳೆದು, ಹೀಗೆ ಪದರಗಳು ಗುಮ್ಮಟದಂತೆ ಏರಿದ ರಚನೆಗಳು ಇವು. ಎಲುಬಿಲ್ಲ, ಚಿಪ್ಪಿಲ್ಲ, ಎಲೆಯಿಲ್ಲ. ಆಕಾರ ನೋಡಿ ಪಳೆಯುಳಿಕೆ ಗುರುತಿಸಲು ಕಲಿತ ಮಗು ಇದನ್ನು ಕಂಡರೆ ದಾಟಿ ಮುಂದೆ ಹೋಗುತ್ತದೆ.

ಮಕ್ಕಳು ತಂದ ಕಲ್ಲುಗಳು

ಇಂಟರ್ನ್‌ಶಿಪ್ ಅವಧಿಯಲ್ಲಿ ಹುಬ್ಬಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ನಾನು ಈ ವಿಷಯವನ್ನು ಪೂರಕ ಚಟುವಟಿಕೆಯಾಗಿ ತೆಗೆದುಕೊಂಡೆ. 'ಪಳೆಯುಳಿಕೆ ಅನಿಸಿದ ಕಲ್ಲು ತನ್ನಿ' ಎಂದು ಒಂದು ವಾರ ಸಮಯ ಕೊಟ್ಟೆ. ಬಂದ ಕಲ್ಲುಗಳಲ್ಲಿ ಹೆಚ್ಚಿನವು ನಾಲ್ಕು ಗುಂಪುಗಳಿಗೆ ಸೇರಿದವು. ಇದೇ ಭಾಗದಲ್ಲಿ ಪಾಠ ಮಾಡುವ ಸಹಪಾಠಿಗಳಿಗೂ ಬಹುತೇಕ ಇವೇ ಎದುರಾಗುತ್ತವೆ ಎಂಬ ಕಾರಣಕ್ಕೆ ಒಂದೊಂದನ್ನೂ ವಿವರಿಸುತ್ತೇನೆ.

ಮೊದಲನೆಯದು ಎರೆ ಹೊಲದ ಸುಣ್ಣದ ಹರಳು. ಹುಡುಗನೊಬ್ಬ ಬೆರಳುದ್ದದ, ತುದಿ ಉಬ್ಬಿದ ಬಿಳಿ ತುಂಡು ತಂದು, 'ಸರ್ರ, ಇದು ಡೈನೋಸಾರ್ ಎಲುಬು ಏನ್ರಿ?' ಎಂದ. 'ಎಲ್ಲಿ ಸಿಕ್ತಪಾ ಇದು?' ಎಂದು ಕೇಳಿದೆ. 'ನವಲಗುಂದದ ಕಡೆ ನಮ್ಮ ಕಾಕಾನ ಹೊಲದಾಗ್ರಿ. ಇಂಥವು ಬುಟ್ಟಿಗಟ್ಟಲೆ ಅದಾವ್ರಿ' ಎಂದ. ಅವನ ಎರಡನೆಯ ಮಾತಿನಲ್ಲೇ ಅರ್ಧ ಉತ್ತರವಿತ್ತು. ಎರೆ ಮಣ್ಣಿನಲ್ಲಿ ನೀರಿನೊಂದಿಗೆ ಕೆಳಗಿಳಿದ ಸುಣ್ಣದ ಅಂಶ ನೀರು ಆರಿದಾಗ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಬೇರಿನ ಸುತ್ತ, ಮಣ್ಣಿನ ಬಿರುಕಿನಲ್ಲಿ ಕೂತಾಗ ಉದ್ದುದ್ದ ಆಕಾರ ಬರುತ್ತದೆ, ಎಲುಬಿನಂತೆ ಕಾಣುತ್ತದೆ. ಒಂದನ್ನು ಒಡೆದು ನೋಡಿದರೆ ಒಳಗೆ ಒಂದೇ ಸಮನಾದ ಸುಣ್ಣ, ನಡುವೆ ಮಣ್ಣಿನ ಕಣ. ಎಲುಬಾಗಿದ್ದರೆ ಹೊರಗೆ ದಟ್ಟ ಪದರ, ಒಳಗೆ ಜೇನುಹುಟ್ಟಿನಂಥ ಸಣ್ಣ ಸಣ್ಣ ರಂಧ್ರಗಳಿರಬೇಕು. ಪಕ್ಕದಲ್ಲಿ ದನದ ಹಳೆಯ ಎಲುಬಿನ ತುಂಡೊಂದನ್ನು ಇಟ್ಟರೆ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ.

ಎರಡನೆಯದು ಫರಸಿಯ ಮೇಲಿನ ಜರಿಗಿಡ. ಒಬ್ಬ ಹುಡುಗಿ ಮನೆಯ ಹಿತ್ತಲಲ್ಲಿ ಬಿದ್ದಿದ್ದ ಫರಸಿ ತುಂಡು ತಂದಿದ್ದಳು. ಅದರ ಮೇಲೆ ಕಪ್ಪು ಬಣ್ಣದಲ್ಲಿ ಕವಲು ಕವಲಾಗಿ ಹರಡಿದ ಚಿತ್ರ. ಪುಸ್ತಕದಲ್ಲಿ ಅಚ್ಚಾಗುವ ಸಸ್ಯ ಪಳೆಯುಳಿಕೆಗಿಂತಲೂ ಚೆಂದವಾಗಿತ್ತು. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಮ್ಯಾಂಗನೀಸ್, ಕಬ್ಬಿಣದ ಆಕ್ಸೈಡ್ ಕರಗಿದ ನೀರು ಕಲ್ಲಿನ ಸಣ್ಣ ಬಿರುಕಿನಲ್ಲಿ ಹರಿದು, ಖನಿಜ ಅಲ್ಲಲ್ಲೇ ಕೂತು ಕವಲೊಡೆಯುತ್ತದೆ. ಲೆನ್ಸ್ ಹಿಡಿದು ನೋಡಿದರೆ ಎಲೆಯ ನಡುನರವಿಲ್ಲ, ಎಲೆಗಳ ಅಂಚಿಲ್ಲ, ಕಾಂಡ ಕೆಳಗೆ ದಪ್ಪವಾಗಿ ಮೇಲೆ ತೆಳ್ಳಗಾಗುವ ಕ್ರಮವಿಲ್ಲ. ಚಿತ್ರ ಬಿರುಕಿನ ಅಂಚಿನಿಂದಲೇ ಹೊರಟಿರುತ್ತದೆ. ಇಲ್ಲೂ ವಯಸ್ಸಿನ ಲೆಕ್ಕ ನೆರವಿಗೆ ಬರುತ್ತದೆ. ನಮ್ಮ ಮನೆಗಳಿಗೆ ಬರುವ ಶಹಾಬಾದ ಫರಸಿ ಕಲಬುರಗಿ ಭಾಗದ ಭೀಮಾ ಶಿಲೆಗಳಿಗೆ ಸೇರಿದ ಸುಣ್ಣಕಲ್ಲು. ಅದು ನೆಲದ ಮೇಲೆ ಗಿಡಗಳೇ ಇಲ್ಲದ ಕಾಲದ್ದು.

ಮೂರನೆಯದು ಕಲಘಟಗಿ, ಅಳ್ನಾವರ ಕಡೆಯಿಂದ ಬರುವ ಮಕ್ಕಳು ತಂದ ಜಂಬಿಟ್ಟಿಗೆ ಕಲ್ಲು. ಅದರ ತುಂಬ ಸೊಟ್ಟ ಸೊಟ್ಟ ಕೊಳವೆಗಳು. 'ಹುಳ ಕೊರದೈತ್ರಿ' ಎಂಬುದು ಅವರ ವಾದ. ಕೆಟ್ಟ ವಾದವಲ್ಲ, ಏಕೆಂದರೆ ಹುಳುಗಳ ಬಿಲಗಳು ಕಲ್ಲಾಗಿ ಉಳಿಯುವುದುಂಟು, ಅವೂ ಪಳೆಯುಳಿಕೆಗಳೇ. ಆದರೆ ಜಂಬಿಟ್ಟಿಗೆ ಆಗುವುದು ಮಳೆ ಹೆಚ್ಚಿರುವ ಕಡೆ ಕಲ್ಲು ಕೊಳೆತು, ಕರಗುವ ಅಂಶಗಳು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಾಗ. ಮೆತ್ತಗಿನ ಜೇಡಿ ತೊಳೆದುಹೋದ ಜಾಗವೇ ಆ ಕೊಳವೆಗಳು. ಅವುಗಳ ಅಗಲ ಒಂದೇ ಸಮನಾಗಿಲ್ಲ, ಒಂದಕ್ಕೊಂದು ಸೇರಿಕೊಂಡಿರುತ್ತವೆ, ಬಂಡೆಯ ತುಂಬ ಎಲ್ಲ ದಿಕ್ಕಿಗೂ ಹರಡಿರುತ್ತವೆ. ಒಂದು ಹುಳು ಕೊರೆದ ದಾರಿಗೆ ಆ ಹುಳುವಿನ ಮೈಯಳತೆ ಇರುತ್ತದೆ.

ನಾಲ್ಕನೆಯದು 'ಮೊಟ್ಟೆ'. ಡಾಲರೈಟ್, ಬಸಾಲ್ಟ್‌ನಂಥ ಕಲ್ಲುಗಳು ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರಪದರವಾಗಿ ಕಳಚುತ್ತ ಹೋದಾಗ ನಡುವೆ ಗುಂಡಗಿನ ತಿರುಳು ಉಳಿಯುತ್ತದೆ. ಹೊಳೆಯಲ್ಲಿ ಉರುಳಿದ ಕಲ್ಲೂ ಗುಂಡಗಾಗುತ್ತದೆ. ಒಡೆದರೆ ಒಳಗೂ ಅದೇ ಕಲ್ಲು. ಮೊಟ್ಟೆಯಾದರೆ ತೆಳುವಾದ ಸಿಪ್ಪೆ ಒಳಗಿನ ವಸ್ತುವಿಗಿಂತ ಬೇರೆಯಾಗಿ ಕಾಣಬೇಕು, ಆ ಸಿಪ್ಪೆಗೆ ತನ್ನದೇ ಸೂಕ್ಷ್ಮ ರಚನೆ ಇರಬೇಕು.

ಈ ನಾಲ್ಕರ ಜೊತೆ ಐದನೆಯದನ್ನು ನಾನೇ ಸೇರಿಸುತ್ತೇನೆ. ಶೈಕ್ಷಣಿಕ ಪ್ರವಾಸಕ್ಕೆ ಬಾದಾಮಿಗೆ ಹೋಗುವ ಮಕ್ಕಳು ಅಲ್ಲಿನ ಮರಳುಗಲ್ಲಿನಲ್ಲಿ ಅಲೆಅಲೆಯಾದ ಗೆರೆಗಳನ್ನು ನೋಡಬಹುದು. ಹಾವು ಹರಿದ ಗುರುತು, ಮೀನಿನ ಹುರುಪೆ ಎಂದೆಲ್ಲ ಅನಿಸುವಂಥವು. ಅವು ನೀರು ಮರಳಿನ ಮೇಲೆ ಮೂಡಿಸಿದ ಅಲೆಯ ಗುರುತುಗಳು. ಜೀವಿಯ ಗುರುತಲ್ಲದಿದ್ದರೂ ಅಲ್ಲಿ ಒಮ್ಮೆ ನೀರು ಹರಿದಿತ್ತು ಎಂಬುದಕ್ಕೆ ಸಾಕ್ಷಿ. 'ಪಳೆಯುಳಿಕೆ ಅಲ್ಲ' ಎಂದ ಮೇಲೂ ಹೇಳಲು ಎಷ್ಟೋ ಇರುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಪ್ರಶ್ನೆಗಳ ಕ್ರಮ

ಈ ಅನುಭವದಿಂದ ನಾನು ಐದು ಪ್ರಶ್ನೆಗಳನ್ನು ಒಂದು ಕ್ರಮದಲ್ಲಿ ಇಟ್ಟುಕೊಂಡೆ. ತರಗತಿಯ ಗೋಡೆಗೆ ಅಂಟಿಸಬಹುದಾದಷ್ಟು ಸರಳವಾಗಿವೆ.

1. ಇದು ಎಲ್ಲಿಂದ ಬಂತು? 'ಎಲ್ಲಿ ಸಿಕ್ಕಿತು' ಎಂದು ಕೇಳಿದರೆ ಸಾಲದು. ಹುಬ್ಬಳ್ಳಿಯ ಓಣಿಯಲ್ಲಿ ಸಿಗುವ ಕಲ್ಲು ಹುಬ್ಬಳ್ಳಿಯದೇ ಆಗಿರಬೇಕಿಲ್ಲ. ಉಸುಕು ಒಂದು ಹೊಳೆಯದು, ಖಡಿ ಒಂದು ಕ್ವಾರಿಯದು, ಫರಸಿ ಕಲಬುರಗಿ ಕಡೆಯದು, ಅಡುಗೆಕಟ್ಟೆಯ ಕಡಪಾ ಆಂಧ್ರದ್ದು. ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ನಾಲ್ಕು ಜಿಲ್ಲೆಯ ಕಲ್ಲು ಒಂದೇ ರಾಶಿಯಲ್ಲಿರುತ್ತವೆ.

2. ಇದು ಯಾವ ಜಾತಿಯ ಕಲ್ಲು, ಯಾವ ಕಾಲದ್ದು? ಪದರವಿದೆಯೇ, ಕಣಗಳು ಕಾಣುತ್ತವೆಯೇ, ಹರಳುಗಳು ಹೊಳೆಯುತ್ತವೆಯೇ?

3. ಗುರುತು ಮೇಲ್ಮೈಯಲ್ಲಿ ಮಾತ್ರ ಇದೆಯೇ, ಒಳಗೂ ಇದೆಯೇ? ಅದರ ವಸ್ತು ಸುತ್ತಲಿನ ಕಲ್ಲಿಗಿಂತ ಬೇರೆಯೇ?

4. ಜೀವಿಯಿಲ್ಲದೆ ಇದು ಹೇಗೆ ಆಗಿರಬಹುದು? ನೀರು, ಬಿರುಕು, ಖನಿಜ, ಸವೆತ ಇವುಗಳಿಂದ ಆಗಬಹುದೇ?

5. ಈಗ ಆಕಾರ ನೋಡಿ. ಎಡಬಲ ಸಮನಾಗಿದೆಯೇ? ಒಂದೇ ವಿನ್ಯಾಸ ಲೆಕ್ಕಕ್ಕೆ ಸಿಗುವಂತೆ ಮತ್ತೆ ಮತ್ತೆ ಬರುತ್ತದೆಯೇ? ಇಂಥದೇ ಇನ್ನೊಂದು ಸಿಕ್ಕಿದೆಯೇ?

ಇದಕ್ಕೆ ಬೇಕಾದ ಸಾಮಾನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಮಸೂರ, ಪ್ರಯೋಗಶಾಲೆಯಲ್ಲಿರುವ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಕೆಲವು ಹನಿ, ಒಂದು ಮೊಳೆ, ಅಳತೆಪಟ್ಟಿ. ಆಮ್ಲವನ್ನು ಶಿಕ್ಷಕರೇ ಹಾಕಬೇಕು. ಬುರುಬುರು ನೊರೆ ಬಂದರೆ ಸುಣ್ಣದ ಅಂಶವಿದೆ ಎಂದಷ್ಟೇ ಅರ್ಥ, ಪಳೆಯುಳಿಕೆ ಎಂದಲ್ಲ. ಇದನ್ನು ಒತ್ತಿ ಹೇಳದಿದ್ದರೆ ಮಕ್ಕಳು ಆಕಾರದ ಬದಲು ನೊರೆಯನ್ನು ನಂಬಲು ಶುರುಮಾಡುತ್ತಾರೆ. ನಾಲಿಗೆಗೆ ಅಂಟಿದರೆ ಎಲುಬು ಎಂಬ ಮಾತು ಕೆಲವರಲ್ಲಿದೆ. ರಂಧ್ರವಿರುವ ಜೇಡಿಯೂ ನಾಲಿಗೆಗೆ ಅಂಟುತ್ತದೆ. ಹೊಲದ ಕಲ್ಲನ್ನು ಮಕ್ಕಳು ನೆಕ್ಕುವುದಂತೂ ಬೇಡ.

'ಇಲ್ಲಿ ಸಿಗುವುದೇ ಇಲ್ಲ' ಎನ್ನುವುದೂ ಸರಿಯಲ್ಲ

ಇಷ್ಟೆಲ್ಲ ಓದಿದ ಮೇಲೆ 'ನಮ್ಮ ಕಡೆ ತಂದದ್ದೆಲ್ಲ ಬರೀ ಕಲ್ಲು' ಎಂದು ಮೊದಲೇ ತೀರ್ಮಾನಿಸುವ ಆಸೆ ಬರಬಹುದು. ಅದಕ್ಕೆ ತಡೆಯೊಡ್ಡುವ ಘಟನೆ ನಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ. ಧಾರವಾಡದ ಕಲ್ಲುಗಳಿಗೆ ಹೆಸರಿಟ್ಟ ಅದೇ ಬ್ರೂಸ್ ಫೂಟ್ ಬೆಳಗಾವಿ ಜಿಲ್ಲೆಯ ಗೋಕಾಕದ ಹತ್ತಿರ ಘೇಂಡಾಮೃಗದ ಅವಶೇಷಗಳನ್ನು ಪತ್ತೆ ಮಾಡಿ, 1874ರಲ್ಲಿ ರೈನೋಸೆರಾಸ್ ಡೆಕ್ಕನೆನ್ಸಿಸ್ ಎಂಬ ಹೊಸ ಹೆಸರಿನಿಂದ ವರ್ಣಿಸಿದರು. ಗೋಕಾಕದ ಬಂಡೆಗಳು ಪ್ರಾಣಿಗಳ ಕಾಲಕ್ಕಿಂತ ಬಹಳ ಹಳೆಯವು. ಆದರೆ ಆ ಎಲುಬುಗಳು ಇದ್ದದ್ದು ಬಂಡೆಯೊಳಗಲ್ಲ. ಬಂಡೆಯ ಮೇಲೆ ಹೊಳೆ-ಹಳ್ಳಗಳು ತಂದು ಹರವಿದ, ಬಹಳ ಈಚಿನ ಮೆಕ್ಕಲು ಪದರದಲ್ಲಿ.

ಹಾಗಾಗಿ ಊರಿನ ಹೆಸರು ಕೇಳಿ ಉತ್ತರ ಹೇಳುವಂತಿಲ್ಲ, ಪದರ ಯಾವುದು ಎಂದು ಕೇಳಬೇಕು. ನವಲಗುಂದದ ಹುಡುಗ ತಂದದ್ದು ಸುಣ್ಣದ ಹರಳೇ. ಆದರೆ ಮಲಪ್ರಭಾ, ಘಟಪ್ರಭಾ ದಂಡೆಯ ಮೆಕ್ಕಲಿನಿಂದ ಯಾರಾದರೂ ಭಾರವಾದ, ಒಳಗೆ ರಂಧ್ರಗಳಿರುವ ತುಂಡು ತಂದರೆ ಅದನ್ನು ಹೊರಗೆ ಒಗೆಯುವ ಹಕ್ಕು ನಮಗಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆ ದಖ್ಖನ್ ಲಾವಾ ಪದರಗಳಿವೆ. ಒಂದು ಲಾವಾ ಹರಿವಿಗೂ ಇನ್ನೊಂದಕ್ಕೂ ನಡುವೆ ಕೆರೆಗಳಲ್ಲಿ ಕೂತ ಕೆಸರಿನ ಪದರಗಳಲ್ಲಿ ಸಿಹಿನೀರಿನ ಶಂಖದ ಹುಳುಗಳ ಪಳೆಯುಳಿಕೆಗಳು ದಖ್ಖನ್‌ನ ಹಲವೆಡೆ ಸಿಕ್ಕಿವೆ. ಲಾವಾದೊಳಗೆ ಪಳೆಯುಳಿಕೆ ಇರುವುದಿಲ್ಲ ಎಂಬ ನಿಯಮ ಹೇಳುವಾಗ ಈ ನಡುಪದರದ ಮಾತನ್ನೂ ಹೇಳಬೇಕು.

ಇನ್ನೊಂದು ನಿಜವಾದ ಪಳೆಯುಳಿಕೆ ನಮ್ಮ ಅನೇಕ ಮನೆಗಳ ಒಳಗೇ ಇದೆ. ತರಗತಿಯಲ್ಲಿ ಒಬ್ಬ ಹುಡುಗಿ ಹಿಂಜರಿಯುತ್ತ, 'ಸರ್, ನಮ್ಮ ಅಜ್ಜಿ ದೇವರ ಮನ್ಯಾಗ ಸಾಲಿಗ್ರಾಮ ಅದರೀ. ಅದೂ ಪಳೆಯುಳಿಕೆ ಅಂತಾರ, ಖರೇನಾ?' ಎಂದು ಕೇಳಿದಳು. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವ ಚಕ್ರವಿರುವ ಸಾಲಿಗ್ರಾಮಗಳಲ್ಲಿ ಅಮೊನೈಟ್ ಎಂಬ ಸಮುದ್ರಜೀವಿಯ ಪಳೆಯುಳಿಕೆ ಇರುತ್ತದೆ. ಆಕ್ಟೋಪಸ್, ಸ್ಕ್ವಿಡ್‌ಗಳ ದೂರದ ಬಂಧುಗಳಾದ ಇವು ಡೈನೋಸಾರ್‌ಗಳ ಕಾಲದ ಕೊನೆಯ ಸುಮಾರಿಗೆ ಅಳಿದವು. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು ಎಂಬುದಕ್ಕೆ ಇವು ಸಾಕ್ಷಿ. ಸುರುಳಿಯೊಳಗೆ ಕೋಣೆ ಕೋಣೆಯಾಗಿ ಅಡ್ಡಗೋಡೆಗಳಿರುವುದು, ಹೊರಮೈಯಲ್ಲಿ ಏಣುಗಳು ಒಂದು ಕ್ರಮದಲ್ಲಿ ಬರುವುದು ನಿಜವಾದ ಅಮೊನೈಟ್‌ನ ಲಕ್ಷಣ. ಮೇಲಿನ ಐದೂ ಪ್ರಶ್ನೆಗಳನ್ನು ಇದು ದಾಟುತ್ತದೆ: ಬಂದ ಜಾಗ ಗೊತ್ತು, ಸಮುದ್ರದ ಕೆಸರಿನಿಂದಾದ ಕಲ್ಲು, ಕಾಲ ಹೊಂದುತ್ತದೆ, ಒಳಗೂ ರಚನೆ ಇದೆ, ಸವೆತ ಈ ಕೋಣೆಗಳನ್ನು ಮಾಡಲಾರದು. ಅಜ್ಜಿಯ ಪೂಜೆಗೂ ಈ ಮಾತಿಗೂ ಜಗಳವಿಲ್ಲ ಎಂದು ಹೇಳಿ, ಸಾಲಿಗ್ರಾಮವನ್ನು ಶಾಲೆಗೆ ತರುವುದು ಬೇಡ, ಅಜ್ಜಿಯ ಅನುಮತಿ ಕೇಳಿ ಮನೆಯಲ್ಲೇ ನೋಡು ಎಂದೆ. ಮಕ್ಕಳ ಮನೆಯ ನಂಬಿಕೆಯನ್ನು ತರಗತಿಯಲ್ಲಿ ಹಂಗಿಸಿದರೆ ಮಗು ಮುಂದೆ ಪ್ರಶ್ನೆಯನ್ನೇ ಕೇಳುವುದಿಲ್ಲ.

ಭೀಮ್‌ಬೇಟ್ಕಾದ ಪಾಠ

ಹೊಸಬರಷ್ಟೇ ಆಕಾರಕ್ಕೆ ಮರುಳಾಗುತ್ತಾರೆ ಎಂದುಕೊಳ್ಳುವ ಹಾಗಿಲ್ಲ. ಮಧ್ಯಪ್ರದೇಶದ ಭೀಮ್‌ಬೇಟ್ಕಾ ಗುಹೆಯ ಚಾವಣಿಯ ಮೇಲೆ ಎಲೆಯಂತೆ ಕಾಣುವ ಒಂದು ಗುರುತನ್ನು ಅಮೆರಿಕದ ಗ್ರೆಗರಿ ರಿಟಾಲ್ಯಾಕ್ ಮತ್ತು ಸಂಗಡಿಗರು ನೋಡಿದರು. ಅದು ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಎಂದು 2021ರಲ್ಲಿ ಪ್ರಕಟಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಜೋಸೆಫ್ ಮೀರ್ಟ್ ಮತ್ತು ಸಂಗಡಿಗರು ಅದೇ ಜಾಗಕ್ಕೆ ಹೋಗಿ ನೋಡಿದಾಗ ಆ ಗುರುತು ಆಗಲೇ ಕೊಳೆಯುತ್ತ, ಬಂಡೆಯಿಂದ ಕಳಚಿಕೊಳ್ಳುತ್ತಿತ್ತು. ಸುತ್ತಮುತ್ತ ಜೇನುಹುಟ್ಟುಗಳೂ ಇದ್ದವು. ಡಿಕಿನ್ಸೋನಿಯಾ ಎಂದದ್ದು ಬಂಡೆಗೆ ಅಂಟಿದ್ದ ಹಳೆಯ ಜೇನುಹುಟ್ಟಿನ ಉಳಿಕೆ ಎಂದು 2023ರಲ್ಲಿ ಅವರು ಪ್ರಕಟಿಸಿದರು. ರಿಟಾಲ್ಯಾಕ್ ಅದನ್ನು ಒಪ್ಪಿಕೊಂಡರು.

ಸ್ಟ್ರೊಮ್ಯಾಟೊಲೈಟ್ ವಿಷಯದಲ್ಲೂ ಹೀಗೆಯೇ ಚರ್ಚೆ ನಡೆದಿದೆ. ಗ್ರೀನ್‌ಲ್ಯಾಂಡ್‌ನ 370 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ ಎಂದು 2016ರಲ್ಲಿ ಒಂದು ತಂಡ ಹೇಳಿತು. ಕಲ್ಲು ಒತ್ತಡಕ್ಕೆ ಸಿಕ್ಕು ಮಡಿಚಿದ್ದರಿಂದಲೂ ಆ ಆಕಾರ ಬಂದಿರಬಹುದು ಎಂದು 2018ರಲ್ಲಿ ಇನ್ನೊಂದು ತಂಡ ಹೇಳಿತು. ನಮ್ಮ ನಾಲ್ಕನೆಯ ಪ್ರಶ್ನೆಯನ್ನು ಇವರು ಜಗತ್ತಿನ ಎದುರು ಕೇಳಿದರು.

ಈ ಎರಡು ಘಟನೆಗಳನ್ನು ಪಾಠದಲ್ಲಿ ಹೇಳಬೇಕು ಎಂಬುದು ನನ್ನ ಆಗ್ರಹ. ದೊಡ್ಡವರೂ ತಪ್ಪುತ್ತಾರೆ ಎಂದು ನಗಲು ಅಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ ನೋಡಲು ಸಾಧ್ಯವಾದದ್ದು ಜಾಗ ಯಾವುದೆಂದು ಬರೆದಿಟ್ಟಿದ್ದರಿಂದ. ಅದಕ್ಕಾಗಿಯೇ ಮಗು ಕಲ್ಲು ತಂದಾಗ ಹೆಸರು, ತಾರೀಖು, ಜಾಗ ಬರೆದ ಚೀಟಿ ಅಂಟಿಸುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಬೇಕು.

ಕೆಲವು ಆಕ್ಷೇಪಗಳು

ಈ ವಿಚಾರವನ್ನು ಸಹಪಾಠಿಗಳ ಮುಂದಿಟ್ಟಾಗ ಮೂರು ಆಕ್ಷೇಪಗಳು ಬಂದವು. ಮೂರೂ ಯೋಚಿಸಬೇಕಾದವೇ.

ಒಂದು, 40 ನಿಮಿಷದ ಅವಧಿಯಲ್ಲಿ ಇದೆಲ್ಲ ಆಗುವುದಿಲ್ಲ. ನಿಜ. ಆದರೆ ಒಂದು ಕಲ್ಲಿಗೆ ಐದು ಪ್ರಶ್ನೆ ಕೇಳಲು ಹತ್ತು ನಿಮಿಷ ಸಾಕು. ಎಂಟನೇ ತರಗತಿಯ ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಪಾಠದಲ್ಲಿ ಪಳೆಯುಳಿಕೆ ಇಂಧನದ ಮಾತು ಬಂದಾಗ ಪೀಠಿಕೆಯಾಗಿಯೂ ಇದನ್ನು ಬಳಸಬಹುದು. 5ಇ ಮಾದರಿಯಲ್ಲಿ ಪಾಠ ಬರೆಯುವವರಿಗೆ ಅನ್ವೇಷಣೆಯ ಹಂತಕ್ಕೆ ಇದಕ್ಕಿಂತ ಅಗ್ಗದ ಚಟುವಟಿಕೆ ಸಿಗುವುದು ಕಷ್ಟ.

ಎರಡು, 'ಅಲ್ಲ' ಎಂದರೆ ಮಕ್ಕಳ ಉತ್ಸಾಹ ಕುಗ್ಗುತ್ತದೆ. ನಾನು ಕಂಡದ್ದು ಬೇರೆ. ಕಾರಣ ಹೇಳದೆ 'ಅಲ್ಲ' ಎಂದಾಗ ಮಗು ಕುಗ್ಗುತ್ತದೆ. ತಾನೇ ಒಡೆದು, ನೋಡಿ, 'ಇದು ಸುಣ್ಣದ ಹರಳು ರೀ, ಇದು ಹಿಂಗ ಆಗೈತಿ' ಎಂದು ಹೇಳುವಾಗ ಕುಗ್ಗುವುದಿಲ್ಲ. ಆ ನವಲಗುಂದದ ಹುಡುಗ ಮರುವಾರ ಉದ್ದನೆಯದು, ಗುಂಡಗಿನದು, ಕವಲೊಡೆದದ್ದು ಎಂದು ವಿಂಗಡಿಸಿ ಮತ್ತೊಂದು ಚೀಲ ಹರಳು ತಂದಿದ್ದ.

ಮೂರನೆಯದು ಹೆಚ್ಚು ಗಂಭೀರವಾದದ್ದು. ಶಿಕ್ಷಕರಿಗೇ ಉತ್ತರ ಗೊತ್ತಿಲ್ಲದ ಕಲ್ಲು ಬಂದರೆ? ವೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತಿರುವಾಗ 'ಗೊತ್ತಿಲ್ಲ' ಎನ್ನಲು ಪ್ರಶಿಕ್ಷಣಾರ್ಥಿಗೆ ಧೈರ್ಯ ಬರುವುದಿಲ್ಲ. ವಿಷಯ ಪ್ರಭುತ್ವದ ಅಂಕ ಕಡಿಮೆಯಾದೀತೆಂಬ ಹೆದರಿಕೆಯಲ್ಲಿ ಏನೋ ಒಂದು ಹೆಸರು ಹೇಳಿಬಿಡುತ್ತೇವೆ. ಈ ಹೆದರಿಕೆ ಇರುವವರೆಗೆ ವೈಜ್ಞಾನಿಕ ಮನೋಭಾವ ನಮ್ಮ ಪಾಠಯೋಜನೆಯ ಉದ್ದೇಶಗಳ ಕಾಲಂನಲ್ಲಿ ಮಾತ್ರ ಇರುತ್ತದೆ. ಅದನ್ನು ಬೆಳೆಸುವುದು ಸಂವಿಧಾನದ 51ಎ ವಿಧಿಯಲ್ಲಿ ಹೇಳಿರುವ ಮೂಲಭೂತ ಕರ್ತವ್ಯ ಎಂದು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಹಾಗಿರುವಾಗ 'ಇದುವರೆಗಿನ ಸಾಕ್ಷ್ಯದಿಂದ ಹೇಳಲಾಗದು, ಇನ್ನು ಇದನ್ನು ಇದನ್ನು ನೋಡಬೇಕು' ಎಂಬ ಉತ್ತರಕ್ಕೆ ಅಂಕ ಕಡಿಮೆಯಾಗಬಾರದು. ಏನು ನೋಡಬೇಕು ಎಂದು ಹೇಳಲು ವಿಷಯ ಚೆನ್ನಾಗಿ ಗೊತ್ತಿರಲೇಬೇಕು.

ನನ್ನ ಸಲಹೆಗಳು

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಮೊದಲು. ಪ್ಲಾಸ್ಟರ್‌ನ ಪಳೆಯುಳಿಕೆ ಮಾಡಿ, ಆದರೆ ಅದರ ಪಕ್ಕದಲ್ಲಿ ಒಂದು ಸುಣ್ಣದ ಹರಳು, ಒಂದು ಡೆಂಡ್ರೈಟ್ ಇರುವ ಕಲ್ಲು, ಒಂದು ಜಂಬಿಟ್ಟಿಗೆ ತುಂಡು, ಒಂದು ಗುಂಡಗಿನ ತಿರುಳುಗಲ್ಲು ಇಡಿ. ಇದನ್ನು ನಾನು 'ಅಲ್ಲದ ಕಲ್ಲುಗಳ ಪೆಟ್ಟಿಗೆ' ಎನ್ನುತ್ತೇನೆ. ಮಿಠಾಯಿ ಡಬ್ಬಿಯೊಂದು ಸಾಕು. ಪ್ರತಿ ಕಲ್ಲಿಗೂ ಚೀಟಿ ಇರಲಿ: ಎಲ್ಲಿಯದು, ಯಾರು ತಂದರು, ಮೊದಲು ಏನೆಂದುಕೊಂಡೆವು, ಏಕೆ ಅಲ್ಲವೆಂದು ತಿಳಿಯಿತು. ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಪೆಟ್ಟಿಗೆಯನ್ನು ಶಾಲೆಯಲ್ಲೇ ಬಿಟ್ಟು ಬನ್ನಿ. ಮುಂದಿನ ವರ್ಷ ಹೋಗುವವರು ಅದಕ್ಕೆ ಸೇರಿಸಲಿ. ತೀರ್ಮಾನವಾಗದ ಕಲ್ಲುಗಳಿಗೆ ಪ್ರತ್ಯೇಕ ಖಾನೆ ಇರಲಿ.

ಮಕ್ಕಳಿಗೆ ಒಂದು ನಿಯಮವನ್ನು ಖಚಿತವಾಗಿ ಹೇಳಿ. ಬಿದ್ದ ಕಲ್ಲನ್ನು ತರಬಹುದು, ಬಂಡೆಯಲ್ಲಿ ಇರುವುದನ್ನು ಕೀಳಬಾರದು. ಪಕ್ಕದಲ್ಲಿ ಪೆನ್ನು ಅಥವಾ ನಾಣ್ಯ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು, ಜಾಗ ಬರೆದುಕೊಂಡು ಬರಲಿ. ಕಿತ್ತು ತಂದ ಮೇಲೆ ಅದು ಯಾವ ಪದರದಲ್ಲಿತ್ತೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಕ್ವಾರಿಗಳ ಹತ್ತಿರ, ಹಳ್ಳದ ಕುಸಿಯುವ ದಂಡೆಯ ಕೆಳಗೆ ಹೋಗಬಾರದೆಂದೂ ಹೇಳಬೇಕು.

ಶಿಕ್ಷಕ ಶಿಕ್ಷಣದ ಗುರುಗಳಲ್ಲಿ ಎರಡು ವಿನಂತಿ. ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ವರ್ಷಕ್ಕೊಮ್ಮೆಯಾದರೂ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗದವರಿಂದ ಅರ್ಧ ದಿನದ ಕಾರ್ಯಾಗಾರ ಏರ್ಪಡಿಸಬೇಕು. ಬಿ.ಎಸ್ಸಿ.ಯಲ್ಲಿ ಭೌತ, ರಸಾಯನ, ಗಣಿತ ಓದಿ ಬಂದ ನಮ್ಮಲ್ಲಿ ಬಹಳ ಮಂದಿ ಒಂದು ಕಲ್ಲನ್ನೂ ಲೆನ್ಸಿನಲ್ಲಿ ನೋಡದೆ ಶಿಕ್ಷಕರಾಗುತ್ತೇವೆ. ಎರಡನೆಯದು, ವೀಕ್ಷಣಾ ನಮೂನೆಯಲ್ಲಿ ಒಂದು ಅಂಶ ಸೇರಿಸಬೇಕು: ವಿದ್ಯಾರ್ಥಿ ತಂದ ಅನಿರೀಕ್ಷಿತ ವಸ್ತು ಅಥವಾ ಪ್ರಶ್ನೆಯನ್ನು ಪ್ರಶಿಕ್ಷಣಾರ್ಥಿ ಸಾಕ್ಷ್ಯದ ಆಧಾರದ ಮೇಲೆ ಹೇಗೆ ನಿರ್ವಹಿಸಿದರು? ಇದಕ್ಕೆ ಅಂಕವಿದ್ದರೆ 'ಹೊರಗ ಒಗಿ' ಎಂಬ ಮಾತು ನಮ್ಮ ತರಗತಿಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ.

ನಮ್ಮ ವಿದ್ಯಾರ್ಥಿಗಳಲ್ಲಿ ಭೂವಿಜ್ಞಾನಿಗಳಾಗುವವರು ಒಬ್ಬಿಬ್ಬರಿರಬಹುದು. ಉಳಿದವರೆಲ್ಲ ನಾಳೆ ಮೊಬೈಲಿನಲ್ಲಿ ಒಂದು ಫೋಟೋ ನೋಡಿ ಅದು ನಿಜವೋ ಸುಳ್ಳೋ ಎಂದು ತೀರ್ಮಾನಿಸಬೇಕಾದವರು. ನೋಡಲು ಹಾಗೇ ಇದೆ ಎಂಬುದಷ್ಟೇ ಸಾಕ್ಷಿಯಲ್ಲ, ಎಲ್ಲಿಂದ ಬಂತು ಎಂದು ಮೊದಲು ಕೇಳಬೇಕು ಎಂಬ ಅಭ್ಯಾಸವನ್ನು ಅವರಿಗೆ ಹತ್ತಿಸಲು ಎರೆ ಹೊಲದ ಒಂದು ಸುಣ್ಣದ ಹರಳು ಸಾಕು. ಮುಂದಿನ ಇಂಟರ್ನ್‌ಶಿಪ್‌ಗೆ ಹೊರಡುವ ಮಿತ್ರರು ಈ ಪೆಟ್ಟಿಗೆಯನ್ನು ಒಂದು ಶಾಲೆಯಲ್ಲಾದರೂ ಶುರು ಮಾಡಿ, ಏನೇನು ಬಂತು ಎಂಬುದನ್ನು ಇದೇ ಪತ್ರಿಕೆಯಲ್ಲಿ ಬರೆಯಬೇಕೆಂದು ಕೋರುತ್ತೇನೆ.